ಬಣ್ಣ ಬಂತಾ?

ಪಾಳ್ಯ,
2-12-1996

ಪ್ರೀತಿಯ ತಮ್ಮ ಧರ್ಮನಿಗೆ,

ಹೇಗಿದ್ದೀಯ? ಚಳಿ ಶುರುವಾದರೆ ನಿನಗೆ ಗಂಟಲು ಕಟ್ಟುತ್ತಿತ್ತು, ಈಗಲೂ ಕಟ್ಟುತ್ತದಾ? ನಾಟಕದವನಿಗೆ ಗಂಟಲೇ ಬಂಡವಾಳ, ಬಿಸಿನೀರು ಕುಡಿ. ಕಾಗದದ ಮೂಲೆಗೆ ಅರಿಶಿನ ಹಚ್ಚದಿರುವುದನ್ನು ನೋಡಿಯೇ ನಿನಗೆ ತಿಳಿದಿರಬೇಕು. ಹಚ್ಚುವ ಹಾಗಿಲ್ಲಪ್ಪ. ಹೋದ ಮಂಗಳವಾರ ಬೆಳಿಗ್ಗೆ ಅಪ್ಪ ಹೋಗಿಬಿಟ್ಟ. ನೀನು ಯಾವ ಊರಿನಲ್ಲಿದ್ದೀಯೆಂದು ನಮಗೆ ಗೊತ್ತಿರಲಿಲ್ಲ, ತಂತಿ ಕೊಡಲಾಗಲಿಲ್ಲ. ಶುಂಠಿ ಲಾರಿಯ ಮೆಹಬೂಬಣ್ಣ ಇವತ್ತು ಮಾತಾಡಿಸಲು ಬಂದವನು, ನಿಮ್ಮ ನಾಟಕ ಕಂಪನಿ ಸಿಂಧನೂರಿನಲ್ಲಿ ಕ್ಯಾಂಪ್ ಹಾಕಿದೆ, ಲೋಡು ಅಲ್ಲಿಗೇ ಹೊರಟಿದೆ ಎಂದ. ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ನನಗೆ ಇನ್ನೂ ಅಳು ಬಂದಿಲ್ಲ ಧರ್ಮ. ಅಡುಗೆ ಮಾಡುತ್ತೇನೆ, ಬಂದವರಿಗೆ ಕಾಫಿ ಕೊಡುತ್ತೇನೆ, ಯಾರೋ ಬೇರೆಯವರ ಮನೆಯ ಕೆಲಸ ಮಾಡಿಕೊಡುತ್ತಿರುವ ಹಾಗಿದೆ. ಸೋದರತ್ತೆ ಭದ್ರಮ್ಮ 'ಅತ್ತುಬುಡು ತಾಯಿ, ಎದೆ ಹಗುರಾಯ್ತದೆ' ಎಂದು ಬೆನ್ನು ಸವರಿದಳು. ನಾನು ಅವಳ ಸೀರೆ ಬಣ್ಣ ಬಿಟ್ಟು ರವಿಕೆಗೆ ಹತ್ತಿದ್ದನ್ನೇ ನೋಡುತ್ತ ಕೂತಿದ್ದೆ. ಶುಕ್ರವಾರ ಹನ್ನೊಂದನೆಯ ದಿನ. ಅವತ್ತು ಅವ್ವನ ಹಸಿರು ಬಳೆ ತೆಗೆಸುತ್ತಾರೆ. ಗೋಡೆಗೆ ಹಾಕಲು ಫೋಟೋ ಹುಡುಕಿದರೆ, ಅಪ್ಪನದು ಇರುವುದು ಒಂದೇ ಕಲರ್ ಫೋಟೋ, ಆಲೂರಿನಲ್ಲಿ ತೆಗೆಸಿದ್ದು. ಅದರಲ್ಲೂ ಪಕ್ಕದಲ್ಲಿ ನೀನು, ಕೈಯಲ್ಲಿ ಕಲರ್ ಸೋಡಾ ಬಾಟಲಿ, ನಾಲಿಗೆ ಕೆಂಪಾಯಿತಾ ಎಂದು ಚಾಚಿಕೊಂಡು ನಿಂತಿದ್ದೀಯ, ಕೋತಿ. ಸ್ಟುಡಿಯೋದವನು ನಿನ್ನನ್ನು ಕತ್ತರಿಸಿ ಅಪ್ಪನನ್ನು ಮಾತ್ರ ದೊಡ್ಡದು ಮಾಡಿಕೊಡುತ್ತೇನೆ ಎಂದ. ಬೇಡ ಎಂದು ವಾಪಸ್ಸು ತಂದೆ.

ಕೊನೆಯ ಮೂರು ದಿನ ಅಪ್ಪನ ಬಾಯಲ್ಲಿ ಒಂದೇ ಮಾತು. 'ಬಣ್ಣ ಬಂತಾ?' ಕಣ್ಣು ಬಿಟ್ಟರೆ ಅದೇ. ಹಿತ್ತಲಿನ ಕಾಫಿ ಹಣ್ಣಿನ ಯೋಚನೆ ಎಂದುಕೊಂಡೆವು. ಈ ಸಲ ಕಾಯಿ ಇನ್ನೂ ಹಸಿರಾಗೇ ಇದೆ. 'ಇಲ್ಲ ಕಣಪ್ಪ, ಇನ್ನೂ ಬಂದಿಲ್ಲ' ಎಂದರೆ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದ. ಮಂಗಳವಾರ ಬೆಳಿಗ್ಗೆ ಮತ್ತೆ ಕೇಳಿದ. ನನಗೂ ಸಾಕಾಗಿತ್ತು. 'ಬಂತು ಕಣಪ್ಪ, ಬಂತು' ಎಂದುಬಿಟ್ಟೆ. 'ಒಳಕ್ಕೆ ಸೇರಿಸ್ಕೊ ಕಣವ್ವ, ಇಬ್ಬನೀಲಿ ನೆನೀತೈತೆ' ಎಂದ. ಹಣ್ಣು ಕುಯ್ದು ಅಂಗಳದಲ್ಲಿ ಹರವಿದ್ದೇವೆ ಎಂದುಕೊಂಡನೇನೋ ಅಂತ 'ಸೇರಿಸ್ಕೊಂಡೆ' ಅಂದೆ. ಎರಡು ಚಮಚ ಗಂಜಿ ಕುಡಿದ. ಆಮೇಲೆ ಮಾತಿಲ್ಲ.

ನೀನು ಬರಬೇಕೆಂದು ನಾನು ಬರೆಯುವುದಿಲ್ಲ. ಆರು ವರ್ಷದ ಕೆಳಗೆ 'ಬಣ್ಣ ಹಚ್ಚಿದ ಮುಖ ಈ ಹೊಸ್ಲು ದಾಟಕೂಡ್ದು' ಎಂದು ಅಪ್ಪ ಅಂದದ್ದು ನಿನಗೂ ನೆನಪಿದೆ, ಊರಿಗೂ ನೆನಪಿದೆ. ಅವತ್ತಿನಿಂದ ನಿನ್ನ ಹೆಸರು ಈ ಮನೆಯಲ್ಲಿ ಅವನ ಬಾಯಿಂದ ಬರಲಿಲ್ಲ. ಆಡಿದವನು ಮಾತು ವಾಪಸ್ಸು ತೆಗೆದುಕೊಳ್ಳದೆ ಹೋದ ಮೇಲೆ ನಾನು ಯಾರು ತೆಗೆದುಕೊಳ್ಳಲು? ಇದ್ದಲ್ಲೇ ಒಂದು ಸ್ನಾನ ಮಾಡಿ ಎಳ್ಳುನೀರು ಬಿಡು. ಅವ್ವ ನಿನ್ನ ತಲೆ ಸವರಿದಳೆಂದು ತಿಳಿದುಕೋ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಕ್ಕ,
ಚಂದ್ರಿಕಾ

ಮರೆತದ್ದು: ಕೊಟ್ಟ ಕಾಗದ ವಾಪಸ್ಸು ಇಸಿದುಕೊಂಡು ಬರೆಯುತ್ತಿದ್ದೇನೆ, ಲಾರಿ ಸ್ಟಾರ್ಟಾಗಿ ನಿಂತಿದೆ. ಅಪ್ಪ ಕೊನೆಗೂ ಕಾಫಿ ಹಣ್ಣನ್ನೇ ಜಪಿಸಿದ ಎಂದು ಮೆಹಬೂಬಣ್ಣನಿಗೆ ಹೇಳಿದೆ. ಅವನು ಹತ್ತಿದ ಲಾರಿ ಇಳಿದು ಬಂದ. 'ಹಣ್ಣಲ್ಲ ಕಣವ್ವ. ನಿಮ್ಮಪ್ಪ ಧರ್ಮನ್ನ ಬಣ್ಣ ಅಂತಿದ್ದದ್ದು. ನಾನು ಆ ಕಡೆಯಿಂದ ಬಂದಾಗೆಲ್ಲ ರಸ್ತೇಲಿ ಅಡ್ಡ ನಿಂತು, ನಮ್ಮ ಬಣ್ಣ ಸಿಕ್ತಾ, ಹೆಂಗೈತೆ, ಹೊತ್ತಿಗ್ ಸರಿಯಾಗಿ ಉಣ್ತದಾ ಅಂತ ಕೇಳೋನು. ಮನೇಲಿ ಹೇಳ್ಬ್ಯಾಡ ಅಂತ ಆಣೆ ಇಡಿಸ್ಕೊಂಡಿದ್ದ' ಎಂದ. ಧರ್ಮ, ನೀನು ಬಂದೆ ಎಂದು ನಾನು ಅಪ್ಪನಿಗೆ ಹೇಳಿಬಿಟ್ಟಿದ್ದೇನೆ. ಒಳಕ್ಕೆ ಸೇರಿಸಿಕೊಂಡೆ ಎಂದೂ ಹೇಳಿದ್ದೇನೆ. ಮೆಹಬೂಬಣ್ಣ ಗುರುವಾರಕ್ಕೆ ವಾಪಸ್ಸು ಬರುತ್ತಾನೆ, ಅದೇ ಲಾರಿ ಹತ್ತು. ಮುಖ ತೊಳೆಯಲು ಹೊತ್ತಿಲ್ಲದಿದ್ದರೆ ಬಣ್ಣದಲ್ಲೇ ಬಾ.