ಅಪ್ಪನ ಸ್ಪೀಕರಿಗೆ ತಕ್ಕ ರಿಸೀವರ್

ಗುಂಡ,

ಡ್ಯೂಟಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೀನಿ, ಅಪ್ಪನ ಜೊತೆ ಕೂತು ತಿನ್ನು.

ಅಪ್ಪನ ಸ್ಪೀಕರಿಗೆ ಹಾಡು ಕೊಡೋ ಹೊಸ ರಿಸೀವರ್ ನಿನ್ನೆ ಮತ್ತೆ ತಾನಾಗೇ ಆಫ್ ಆಯ್ತು. ಅಂಗಡಿಯವನ ಮೇಲೆ ಹಾರಾಡಬೇಡ, ಬೆಳಿಗ್ಗೆ ನಾನೇ ಫೋನ್ ಮಾಡಿದ್ದೆ. ಅಪ್ಪ ಕೈಯಾರೆ ಮರ ಕೊಯ್ದು ಮಾಡಿದ ಸ್ಪೀಕರುಗಳು ನಾಲ್ಕು ಓಮಿನವು, ತುಂಬಾ ಕರೆಂಟ್ ಎಳೀತಾವಂತೆ. ಈ ರಿಸೀವರಿಗೆ ಅಷ್ಟು ತಾಕತ್ತಿಲ್ಲ. ವಾಲ್ಯೂಮ್ ಏರಿಸಿದರೆ ಬಿಸಿಯೇರಿ ನಿಂತುಬಿಡುತ್ತಂತೆ. ಬೇರೆ ಸ್ಪೀಕರ್ ತಗೊಳ್ಳಿ ಅಂದ. ಆ ಮಾತು ಅಪ್ಪನಿಗೆ ನೀನು ಹೇಳ್ತೀಯಾ? ನನ್ನ ಕೈಲಾಗಲ್ಲ.

ಸದ್ಯಕ್ಕೆ ಅದನ್ನ ಕಪಾಟಿನಿಂದ ಈಚೆ ತೆಗೆದಿಡು, ಗಾಳಿಯಾಡಲಿ. ಅದರ ಮೇಲೆ ನಿನ್ನ ಒದ್ದೆ ಟವೆಲ್ ಕಂಡರೆ ಗ್ರಹಚಾರ ಬಿಡಿಸ್ತೀನಿ.

"ಅಷ್ಟು ಜೋರಾಗಿ ಯಾಕೆ ಹಾಕ್ತೀರಾ" ಅಂತ ಅಪ್ಪನ ಮೇಲೆ ರೇಗಬೇಡ ಕಣೋ. ನಿನ್ನೆ ಸಂಜೆ ಬಾಗಿಲಲ್ಲೇ ನಿಂತು ನೋಡಿದೆ. ವಾಲ್ಯೂಮ್ ಪೂರ್ತಿ ತಿರುಗಿಸಿ, ಸ್ಪೀಕರ್ ಪಕ್ಕ ನೆಲದ ಮೇಲೆ ಕೂತು, ಮರಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚಿದ್ದರು. ಅಷ್ಟರಲ್ಲಿ ರಿಸೀವರ್ ಆಫ್ ಆಯ್ತು. ಮನೆಯೆಲ್ಲ ಸದ್ದಡಗಿತು. "ಅಪ್ಪಾ" ಅಂತ ಕೂಗಿದೆ, ಮತ್ತೆ ಕೂಗಿದೆ. ತಿರುಗಲೇ ಇಲ್ಲ. ಏನಾಯ್ತಪ್ಪ ಇದಕ್ಕೆ ಅನ್ನೋ ಹಾಗೆ ಮರವನ್ನೇ ಸವರುತ್ತಿದ್ದರು. ನಾನು ಅಡುಗೆಮನೆಗೆ ಬಂದು ಒಲೆ ಹಚ್ಚಿದೆ. ನಮ್ಮಿಂದ ಮುಚ್ಚಿಡ್ತಿರೋರ ಮುಂದೆ ಕಿವಿ ಡಾಕ್ಟರ ಮಾತು ಹೇಗೆ ಎತ್ತೋದು? ನಿನಗೇನಾದರೂ ತೋಚಿದರೆ ಹೇಳು.

ಇದನ್ನ ವಾಪಸ್ ಕೊಟ್ಟು, ಆ ಸ್ಪೀಕರುಗಳಿಗೆ ಸಾಕಾಗೋ ತಾಕತ್ತಿರೋ ರಿಸೀವರ್ ತಗೊಂಡು ಬಾ. ಎಷ್ಟು ಜೋರು ಬೇಕು ಅಂತ ಅಂಗಡಿಯವನು ಕೇಳ್ತಾನೆ.

ಅಂಗೈಗೆ ಕೇಳಿಸೋವಷ್ಟು ಅನ್ನು.

ಅಕ್ಕ