ಬೋರ್ಡಿನ ಪಾಳಿ

ಹುಣಸಿಕೊಪ್ಪ, ತಾ. ಬೈಲಹೊಂಗಲ
೧೦ ನವೆಂಬರ್ ೧೯೯೭

ಭಾಗ್ಯಾಳ ಅಪ್ಪಾಜಿಗೆ, ಮನೆಯಿಂದ ಸಾವಿತ್ರೆವ್ವ ಮಾಡುವ ಶರಣು.

ಕೆಮ್ಮು ಹೇಗಿದೆ? ದಿಲ್ಲಿಯಲ್ಲಿ ಈಗಲೇ ಚಳಿ ಬಿದ್ದಿದೆ ಎಂದು ರೇಡಿಯೋದಲ್ಲಿ ಕೇಳಿದೆ. ಪಕ್ಷದ ರಾಷ್ಟ್ರೀಯ ಅಧ್ಯಕ್ಷರು ಕಿವಿಗೆ ಮಫ್ಲರ್ ಸುತ್ತಿಕೊಂಡರೆ ಯಾರೂ ನಗುವುದಿಲ್ಲ, ಸುತ್ತಿಕೊಳ್ಳಿರಿ. ಇಲ್ಲಿ ನಾವು ಆರಾಮ. ಭಾಗ್ಯಾಳಿಗೆ ಸವದತ್ತಿಯ ಶಾಲೆ ಹಿಡಿಸಿದೆ, ಪ್ರತಿ ಶನಿವಾರ ಮನೆಗೆ ಬರುತ್ತಾಳೆ. ಹತ್ತಿ ಬಿಡಿಸುವುದು ನಡೆದಿದೆ. ಬೈಲಹೊಂಗಲ ಬಸ್ ನಿಲ್ದಾಣದ ಎದುರು ನಿಮ್ಮ ದೊಡ್ಡ ಚಿತ್ರ ನಿಲ್ಲಿಸಿದ್ದಾರೆ. ಮೀಸೆ ಕರಿ ಮಾಡಿದ್ದಾರೆ, ಹೊಟ್ಟೆ ಮಾತ್ರ ಇದ್ದಂತೆಯೇ ಬರೆದಿದ್ದಾರೆ. ಅದರ ಮುಂದೆ ನಿಂತು ನಕ್ಕೆ, ಆಮೇಲೆ ಯಾಕೋ ಕಣ್ಣು ತುಂಬಿತು. ರೈತರ ಸಲುವಾಗಿ ಸೈಕಲ್ ಮೇಲೆ ಊರೂರು ತಿರುಗಿದವರು ನೀವು, ಹಿಂಡಲಗಾ ಜೈಲಿನಿಂದ ಬಿಟ್ಟ ಮರುದಿನವೇ ಕಿತ್ತೂರಿನ ಸಭೆಗೆ ಓಡಿದವರು. ನನಗೆ ಹೆಮ್ಮೆಯಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಈಗ ಊರ ಸುದ್ದಿ. ಬರುವ ೨೮ರ ಶುಕ್ರವಾರ ರಾಮದುರ್ಗದ ಸಭೆ ಮುಗಿಸಿ, ಮಂತ್ರಿಗಳ ಗಾಡಿಯಲ್ಲಿ ನೀವು ಊರಿಗೆ ಬರುತ್ತೀರೆಂದು ತಾಲೂಕು ಕಚೇರಿಯ ಸಾಹೇಬರೊಬ್ಬರು ಹೇಳಿಹೋದರು. ಊರ ಅಗಸಿ ಬಾಗಿಲಲ್ಲಿ ಇಳಿದು, ಕೇಳಿಯೇ ಒಳಗೆ ಬಂದರು. ಅಪ್ಪಣೆಯಿಲ್ಲದೆ ಸರಕಾರಿ ಗಾಡಿ ಊರೊಳಗೆ ಬರಬಾರದು ಎಂದು ನೀವು ನೀಲಿ ಬಣ್ಣದಲ್ಲಿ ಬರೆದ ತಗಡಿನ ಬೋರ್ಡು ಇನ್ನೂ ಅಲ್ಲೇ ಇದೆ. ದಿನಕ್ಕೊಂದು ಮನೆಯವರು ಪಾಳಿಯ ಪ್ರಕಾರ ಅಲ್ಲಿ ಕುಳಿತು, ಯಾರು, ಏನು ಕೆಲಸ ಎಂದು ಕೇಳಿ, ಮಜ್ಜಿಗೆ ಕೊಟ್ಟು ಬಿಡುವ ಪದ್ಧತಿಯೂ ನಿಮ್ಮದೇ, ಅದೂ ತಪ್ಪಿಲ್ಲ. ಸಾಹೇಬರು ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡು, ಆ ಒಂದು ದಿನ ಬೋರ್ಡು ತೆಗೆದಿಡಿ ಎಂದರು. ನಿಮ್ಮ ಕಚೇರಿಯವರೂ ಹಾಗೇ ಹೇಳಿದ್ದಾರಂತೆ. ಅದು ನಿಮಗೆ ಗೊತ್ತಿದೆಯೋ ಇಲ್ಲವೋ, ನಾನು ಕೇಳುವುದಿಲ್ಲ. ರೈತ ಸಂಘದ ಹಿರಿಯರು ಕಾಡಪ್ಪ ಕಾಕಾ ನಮ್ಮ ಕಟ್ಟೆಗೆ ಬಂದು ಕುಳಿತರು. "ಒಂದ ದಿನಾ ತಗದ್ರ, ಮತ್ತ ಹಚ್ಚಾಕ ನಮಗ ಮುಖಾ ಇರೂದಿಲ್ಲವ್ವಾ," ಎಂದರು. ತೆಗೆಯಬೇಡಿ ಎಂದು ನಾನೇ ಹೇಳಿದೆ.

ಬೋರ್ಡು ಹಚ್ಚಿದ ವರ್ಷದ ಪಂಚಮಿ ನಿಮಗೆ ನೆನಪಿರಬೇಕು. ನನ್ನ ತಮ್ಮ ನೀಲಪ್ಪ ಉಂಡಿಯ ಡಬ್ಬಿ ಹಿಡಿದು ನನ್ನನ್ನು ತವರಿಗೆ ಕರೆಯಲು ಬಂದಿದ್ದ. ತನ್ನ ನೀರಾವರಿ ಕಚೇರಿಯ ಜೀಪಿನಲ್ಲಿ ಬಂದದ್ದೇ ಅವನ ತಪ್ಪು. ಪಾಳಿ ನಿಮ್ಮದಿತ್ತು. ಜಿಟಿಜಿಟಿ ಮಳೆಯಲ್ಲಿ ಇಳಿಸಿ, ಗುರುತೇ ಇಲ್ಲದವರಂತೆ ಯಾರು, ಏನು ಕೆಲಸ ಎಂದು ಕೇಳಿದಿರಿ. ನಾನು ಅಳುತ್ತ ಓಡಿ ಬಂದರೆ, "ಬೀಗತನ ಮನ್ಯಾಗ. ಸರಕಾರಿ ಗಾಡ್ಯಾಗ ಕುಂತಾಂವ ಸರಕಾರದಾಂವ," ಎಂದಿರಿ. ತವರಿನಿಂದ ತಿರುಗಿ ಬಂದ ಮೇಲೂ ಎಷ್ಟೋ ದಿನ ನಿಮ್ಮ ಜೊತೆ ಮಾತು ಬಿಟ್ಟಿದ್ದೆ. ಆದರೆ ನೀಲಪ್ಪ ಮಾತ್ರ, ಮಾವ ಅಂದದ್ದು ಖರೇನೇ ಎನ್ನುತ್ತಿದ್ದ.

ದೊಡ್ಡವರಾದಿರಿ ಎಂದು ಆಡಿಕೊಳ್ಳುತ್ತಿಲ್ಲ. ಹೊರಗೆ ನಿಂತು ಕೂಗುವುದಕ್ಕಿಂತ ಒಳಗೆ ಹೋಗಿ ಕೆಲಸ ಮಾಡಿಸುವುದು ಕಷ್ಟ ಎಂದು ನೀವು ಬರೆದದ್ದು ನನಗೂ ತಿಳಿಯುತ್ತದೆ. ನಮ್ಮ ಕಾಲುವೆಗೆ ನೀರು ಬಂದದ್ದು ಹಾಗೆಯೇ ಅಲ್ಲವೇ. ಆದರೆ ನಿಮ್ಮ ಗಾಡಿಯೇ ಅಗಸಿಯಲ್ಲಿ ನಿಲ್ಲದೆ ಹೋದರೆ, ನಾಳೆ ಕಂದಾಯ ವಸೂಲಿಗೆ ಬರುವ ತಲಾಟಿಯ ಗಾಡಿಯೂ ನಿಲ್ಲುವುದಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಹೆದರಿಕೆಯಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿರಿ. ಭಾಗ್ಯಾ ನಮಸ್ಕಾರ ಹೇಳಿದ್ದಾಳೆ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ ಮನೆಯವಳು,
ಸಾವಿತ್ರೆವ್ವ

ತಾ.ಕ.: ನೇಸರಗಿಗೆ ಟಪಾಲು ಒಯ್ಯುವ ಬಸ್ಸು ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ೨೮ರ ಪಾಳಿ ನಮ್ಮ ಮನೆಯದು. ಬೇರೆಯವರು ಕೂರುತ್ತೇವೆಂದರು, ನಾನು ಬೇಡವೆಂದೆ. ನೀವು ಇಳಿದು ಬಂದರೆ, "ಯಾರ್ರಿ ನೀವು, ಏನ ಕೆಲಸಿತ್ರಿ" ಎಂದು ಎಲ್ಲರ ಮುಂದೆ ಕೇಳುತ್ತೇನೆ, ನಾಚಬೇಡಿರಿ. ಮಜ್ಜಿಗೆಗೆ ನಿಮಗೆ ಬೇಕಾದಷ್ಟು ಶುಂಠಿ ಹಾಕಿರುತ್ತೇನೆ. ಗಾಡಿ ನಿಲ್ಲದೆ ಹೋದರೆ, ಮನೆಗೆ ಕೀಲಿ ಹಾಕಿರುತ್ತದೆ. ಪಾಳಿ ಮುಗಿಯುವ ತನಕ ನಾನು ಅಗಸಿ ಬಿಟ್ಟು ಏಳುವಂತಿಲ್ಲ.