ಹೆಬ್ಬಾತಿನ ಕತ್ತು ತಿರುಗಿಸುವ ಮುನ್ನ

ಪುರಸಭಾಧ್ಯಕ್ಷರೇ,

ನಮ್ಮ ಮೋರ್‌ಫ್ಲೀಟ್ ಪಟ್ಟಣದ ಲಾಂಛನದಲ್ಲಿರುವ ಹೆಬ್ಬಾತು ಹಿಂದಕ್ಕೆ ನೋಡುತ್ತಿರುವುದು ನಿಮ್ಮ ನಿದ್ದೆ ಕೆಡಿಸಿದೆಯಂತೆ. ಬರುವ ತಿಂಗಳಿಂದ ಅದು ಮುಂದಕ್ಕೆ ನೋಡಬೇಕಂತೆ. ಹಿಂದೆ ನೋಡುವ ಹಕ್ಕಿ ಪ್ರಗತಿಗೆ ಒಪ್ಪುವುದಿಲ್ಲವಂತೆ. ಆಕ್ಷೇಪಣೆ ಸಲ್ಲಿಸಲು ಬಂದ ನನಗೆ ನಿಮ್ಮ ಕಾರ್ಯದರ್ಶಿ ನಗುತ್ತ, "ಕತ್ತು ತಿರುಗಿಸ್ತೀವಿ ಅಷ್ಟೇ ಕಣಮ್ಮಾ, ಕೊಯ್ತಾ ಇಲ್ವಲ್ಲ" ಎಂದರು. ಆ ಕತ್ತಿನ ಕಥೆ ಅವರಿಗೆ ಗೊತ್ತಿಲ್ಲ. ನಿಮಗಾದರೂ ಗೊತ್ತಿರಬೇಕಿತ್ತು.

ಮಹಾಪ್ರವಾಹದ ದಿನ ನಮ್ಮ ಪೂರ್ವಿಕರು ಎಲ್ಲರೂ ಒಳಗೆ ಬಂದರೆಂದುಕೊಂಡು ಒಡ್ಡಿನ ಬಾಗಿಲು ಹಾಕಿಬಿಟ್ಟರು. ನಲವತ್ತೊಂದು ಜನ ಹೊರಗುಳಿದಿದ್ದರು. ಬೇರೆ ಊರುಗಳು ಲಾಂಛನಕ್ಕೆ ಸಿಂಹವನ್ನೋ ಹದ್ದನ್ನೋ ಬೇಡಿ ಪಡೆದವು. ಇಲ್ಲಿ ಬದುಕುಳಿದವರು ದೊರೆಯ ಮುಂದೆ ನಿಂತು, ಮರಿಗಳೆಲ್ಲ ಬಂದವೇ ಎಂದು ತಿರುಗಿ ನೋಡುವ ಹೆಬ್ಬಾತನ್ನು ಕೇಳಿದರು. ತನ್ನ ತಪ್ಪನ್ನೇ ಲಾಂಛನದ ಗುರಾಣಿಯ ಮೇಲೆ ಬರೆಸಿಕೊಂಡ ಊರು ನಮ್ಮದು.

ಎಲ್ಬೆ ನದಿಯಲ್ಲಿ ದೋಣಿ ನಡೆಸುತ್ತಿದ್ದ ನನ್ನ ಅಪ್ಪ ಹಾರ್ಮ್, ಹಗ್ಗ ಬಿಚ್ಚುವ ಮುನ್ನ ಒಮ್ಮೆ ದಡದ ಕಡೆ ತಿರುಗಿ ನೋಡುತ್ತಿದ್ದ. ಇಲ್ಲಿಯ ಅಂಬಿಗರೆಲ್ಲ ಪಾಲಿಸುವ ಕಟ್ಟಳೆ ಅದು. ಒಂದು ಮಂಜಿನ ಬೆಳಿಗ್ಗೆ, ಆಗ ನಿಮ್ಮ ಕುರ್ಚಿಯಲ್ಲಿದ್ದವರು ದೋಣಿ ಹತ್ತಿ, "ಹೊರಡಪ್ಪಾ ಹಾರ್ಮ್, ರೈಲು ತಪ್ಪುತ್ತೆ. ಈ ಮಂಜಲ್ಲಿ ಇನ್ಯಾರು ಬರ್ತಾರೆ?" ಎಂದರು. ಅಪ್ಪ ತಿರುಗಿ ನೋಡದೆ ಹಗ್ಗ ಬಿಚ್ಚಿದ. ಅವನು ಮರೆತ ಬುತ್ತಿ ಹಿಡಿದು ಓಡಿಬಂದ ನನ್ನ ತಂಗಿ ವೀಬ್ಕೆ, ಒಂಬತ್ತು ವರ್ಷದವಳು, ದೋಣಿ ಇನ್ನೂ ಅಲ್ಲೇ ಇದೆಯೆಂದುಕೊಂಡು ಕಾಲಿಟ್ಟಳು. "ಅಪ್ಪಾ, ಬ್ರೆಡ್ಡು" ಎಂದದ್ದು ಕೇಳಿಸಿತು, ಆಮೇಲೆ ನೀರಿನ ಸದ್ದು. ಅವಳ ದೇಹ ಸಿಗಲಿಲ್ಲ.

ಅರುವತ್ತು ವರ್ಷವಾಯಿತು. ಮಂಜು ಕವಿದಾಗಲೆಲ್ಲ ಆ ದನಿ ನನ್ನ ಬೆನ್ನ ಹಿಂದೆ ಕೇಳುತ್ತದೆ. ಭಯವಾಗುತ್ತದೆ, ಆದರೂ ತಿರುಗುತ್ತೇನೆ. ಅಪ್ಪ ಸಾಯುವವರೆಗೂ ಪ್ರತಿ ವರ್ಷ ದೋಣಿಯ ಮೇಲೆ ಬರೆದಿದ್ದ ಲಾಂಛನದ ಹೆಬ್ಬಾತಿಗೆ ತಾನೇ ಬಣ್ಣ ಹಚ್ಚಿದ. ಕಣ್ಣನ್ನು ಕೊನೆಗೆ ಬರೆಯುತ್ತ, "ನಾನಂತೂ ನೋಡ್ಲಿಲ್ಲ ಮಗಳೇ, ಇದಾದ್ರೂ ನೋಡ್ತಿರ್ಲಿ" ಅನ್ನುತ್ತಿದ್ದ. ವೀಬ್ಕೆಗೆ ಗೋರಿಯಿಲ್ಲ. ಅವಳ ದಾರಿ ಕಾಯಲು ಈ ಊರಲ್ಲಿರುವುದು ಆ ಹೆಬ್ಬಾತಿನ ಕಣ್ಣೊಂದೇ.

ಅಷ್ಟೊಂದು ಅವಸರವೇ? ಈಗ ಯಾವ ರೈಲು ತಪ್ಪುತ್ತಿದೆ, ಅಧ್ಯಕ್ಷರೇ?

ಆ ಠರಾವನ್ನು ಹಿಂತೆಗೆದುಕೊಳ್ಳಿ. ಆಗದಿದ್ದರೆ ಒಂದು ಮಂಜಿನ ಬೆಳಿಗ್ಗೆ ನನ್ನ ಜೊತೆ ದೋಣಿ ಹತ್ತಿ. ದಡದಿಂದ ಮಗುವೊಂದು ಕರೆದರೂ ತಿರುಗದೆ ಕುಳಿತಿರುವುದು ನಿಮ್ಮಿಂದ ಸಾಧ್ಯವಾದರೆ, ಹೆಬ್ಬಾತಿನ ಕತ್ತನ್ನು ಧಾರಾಳವಾಗಿ ತಿರುಗಿಸಿ. ಅಪ್ಪನ ಕುಂಚವನ್ನು ನಾನೇ ತಂದುಕೊಡುತ್ತೇನೆ.

ಇಂತಿ,
ಆ ದಿನ ದೋಣಿಯಲ್ಲಿದ್ದೂ ತಿರುಗಿ ನೋಡದ
ಗೆಸಿನೆ ಲ್ಯೂಡರ್ಸ್